ಗಾತ್ರಿಯವನು, ಯಲ್ಲಾಪುರದವನು

ಹೊಸದಾಗಿ ಪರಿಚಯವಾದವರು ‘ನಿಮ್ಮೂರು ಯಾವುದು?’ ಎಂದು ಕೇಳಿದರೆ ನಾನು ಬಹಳ ದಿನ ‘ಹರಿಹರದ ಹತ್ತಿರ’ ಎಂದಷ್ಟೇ ಹೇಳುತ್ತಿದ್ದೆ. ಉಕ್ಕಡಗಾತ್ರಿ ಎಂದರೆ ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕೇಳಿದವರ ಮುಖದಲ್ಲಿ ಒಂದು ನಗು ಮೂಡುತ್ತದೆ. ‘ಓ, ದೆವ್ವ ಬಿಡಿಸೋ ಊರು!’ ಎನ್ನುತ್ತಾರೆ. ಸ್ವಲ್ಪ ಸಲಿಗೆ ಇದ್ದವರಾದರೆ ‘ನಿನಗೆ ಬಿಟ್ಟಿದೆಯೋ, ಇನ್ನೂ ಇದೆಯೋ?’ ಎಂದೂ ಕೇಳುತ್ತಾರೆ. ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಗಾತ್ರಿಗೆ ಕರಕೊಂಡು ಹೋಗಬೇಕು’ ಎನ್ನುವುದನ್ನು ನಾನು ಚಿಕ್ಕಂದಿನಿಂದಲೂ ಕೇಳುತ್ತಾ ಬಂದವನು.

ಅವರು ಹೇಳುವುದು ಸುಳ್ಳೇನೂ ಅಲ್ಲ. ತುಂಗಭದ್ರೆಯ ದಂಡೆಯ ಮೇಲೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿದೆ. ಅಮಾವಾಸ್ಯೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ತಲೆಗೂದಲು ಬಿಚ್ಚಿಕೊಂಡು ಕೂಗುವವರು, ಹೊಳೆಯಲ್ಲಿ ಮುಳುಗಿ ಏಳುವವರು, ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಹೋಗುವವರು ಎಲ್ಲರೂ ಇರುತ್ತಾರೆ. ಆ ಬಟ್ಟೆಗಳು ಹೊಳೆಯನ್ನು ಏನು ಮಾಡಿವೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಸಮರ್ಥಿಸಲಾರೆ. ಮನಸ್ಸಿನ ಕಾಯಿಲೆಯವರನ್ನು ವೈದ್ಯರ ಬಳಿ ಒಯ್ಯದೆ ಪವಿತ್ರ ಸ್ಥಳಗಳಿಗೆ ಮಾತ್ರ ಒಯ್ಯುವುದರ ಅಪಾಯವೂ ನನಗೆ ಗೊತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರಲ್ಲ, ಅದು ದರ್ಗಾ ಇರುವ ಊರು. ಈ ವಿಷಯದಲ್ಲಿ ಯಾವ ಧರ್ಮದವರೂ ಇನ್ನೊಬ್ಬರತ್ತ ಬೆರಳು ತೋರಿಸುವಂತಿಲ್ಲ.

ಆದರೆ ತಿಂಗಳಿಗೆ ಅಮಾವಾಸ್ಯೆ ಒಂದೇ. ಉಳಿದ ದಿನಗಳಲ್ಲಿ ನಮ್ಮೂರಿನವರ ಚಿಂತೆ ಭತ್ತದ್ದು, ಎಮ್ಮೆಯದ್ದು, ಮಕ್ಕಳ ಫೀಸಿನದ್ದು. ಮಳೆಗಾಲದಲ್ಲಿ ಹೊಳೆ ತುಂಬಿ ಫತ್ತೇಪುರದ ರಸ್ತೆ ಮುಳುಗಿದರೆ ಸುತ್ತುಬಳಸಿ ಹೋಗಬೇಕಾದ ತಾಪತ್ರಯ. ನಾನು ಬೆಳೆದದ್ದು ಇದರಲ್ಲಿ, ದೆವ್ವಗಳ ನಡುವೆ ಅಲ್ಲ.

ಇಷ್ಟೆಲ್ಲ ನೋವು ಹೊಟ್ಟೆಯಲ್ಲಿಟ್ಟುಕೊಂಡು ಧಾರವಾಡಕ್ಕೆ ಓದಲು ಹೋದ ನಾನು ಅಲ್ಲಿ ಮಾಡಿದ್ದೇನು? ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವನು ಸಿದ್ದಿ ಜನಾಂಗದ ಹುಡುಗ. ಗುಂಗುರು ಕೂದಲು, ಕಪ್ಪು ಮೈಬಣ್ಣ. ‘ನಿಮ್ಮದು ಆಫ್ರಿಕಾದಲ್ಲಿ ಯಾವ ದೇಶ?’ ಎಂದು ಕೇಳಿದೆ. ‘ಯಲ್ಲಾಪುರ ತಾಲೂಕು’ ಎಂದ. ಅಷ್ಟಕ್ಕೂ ನನಗೆ ಬುದ್ಧಿ ಬರಲಿಲ್ಲ. ವಾರ್ಷಿಕೋತ್ಸವ ಬಂದಾಗ ಅವನನ್ನು ಕೇಳದೆಯೇ ಡಮಾಮಿ ಕುಣಿತಕ್ಕೆ ಅವನ ಹೆಸರು ಬರೆಸಿದೆ. ಅವನಿಗೆ ಕುಣಿಯಲು ಬರುತ್ತಿರಲಿಲ್ಲ. ನಾಚಿಕೆ ಸ್ವಭಾವದ, ಲೆಕ್ಕದಲ್ಲಿ ಜಾಣನಾದ ಹುಡುಗ. ಹೆಸರು ಹೊಡೆದುಹಾಕಿಸಿ ಬಂದು, ತಣ್ಣಗಿನ ದನಿಯಲ್ಲಿ ಕೇಳಿದ: ‘ನಿಮ್ಮನೆಯಲ್ಲಿ ಯಾರಿಗೆ ಮೈಮೇಲೆ ಬರುತ್ತದೆ?’ ಎರಡು ದಿನ ನಾನು ಅವನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ, ಅವನು ಕೇಳಿದ್ದರಲ್ಲೂ ನಾನು ಮಾಡಿದ್ದರಲ್ಲೂ ವ್ಯತ್ಯಾಸವೇ ಇಲ್ಲವೆಂದು ಹೊಳೆಯಿತು.

ಸಿದ್ದಿಗಳ ಪೂರ್ವಜರು ಪೂರ್ವ ಆಫ್ರಿಕಾದ ಕಡೆಯಿಂದ ಬಂದವರು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳಲ್ಲಿ ಅವರಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಿರಿಯರನ್ನು ನೆನೆಯುವಲ್ಲಿ ಮಾತ್ರ ಈ ಬೇಲಿ ಅಷ್ಟು ಗಟ್ಟಿಯಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಷ್ಟರವರೆಗೆ ಶಾಸನಸಭೆಯಲ್ಲಿ ಈ ಜನರ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಹಬಶಿ ಗುಲಾಮನಾಗಿ ಮಾರಾಟವಾಗಿ, ದಖ್ಖನ್ನಿನಲ್ಲಿ ಮೊಗಲರಿಗೆ ನಿದ್ದೆಗೆಡಿಸಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ಅವನ ಕಥೆ ನಮ್ಮ ಪಾಠಗಳಲ್ಲಿ ಒಂದೆರಡು ಸಾಲು ಮಾತ್ರ.

ನನ್ನ ಗೆಳೆಯನಿಗೆ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು ಬೈಗುಳವಲ್ಲ, ಹೊಗಳಿಕೆ. ‘ನಿಮ್ಮವರಿಗೇನು ಬಿಡಪ್ಪ, ಓಟ ರಕ್ತದಲ್ಲೇ ಇದೆ’ ಎನ್ನುವವರನ್ನು ಕಂಡರೆ ಅವನಿಗಾಗದು. 1987ರಲ್ಲಿ ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ‘ಕಾಲು ನೋಡಿ ಕರೆದೊಯ್ದರು. ತಲೆ ಇದೆಯೇ ಎಂದು ಯಾರೂ ನೋಡಲಿಲ್ಲ’ ಎಂದು ಅವನು ಒಮ್ಮೆ ಹೇಳಿದ. ಈ ಮಾತಿನಲ್ಲಿ ಸ್ವಲ್ಪ ಕಹಿ ಹೆಚ್ಚಾಗಿದೆ. ಆ ಯೋಜನೆಯಿಂದ ಪದಕ ಗೆದ್ದವರು, ಕೆಲಸ ಸಿಕ್ಕವರು ಇದ್ದಾರೆ. ಆದರೂ ಅವನ ಮಾತು ನನ್ನನ್ನು ಬಿಡಲಿಲ್ಲ.

ಅದೇ ವರ್ಷ ಸಮಾಜಶಾಸ್ತ್ರದ ಪ್ರಬಂಧವೊಂದಕ್ಕಾಗಿ ದಕ್ಷಿಣ ಆಫ್ರಿಕಾದ ಜುಲು ಜನರ ಬಗ್ಗೆ ಓದಬೇಕಾಯಿತು. ಜುಲು ಎಂದರೆ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಚಿತ್ರ: ತೊಗಲಿನ ಗುರಾಣಿ, ಈಟಿ, ನೆಲ ನಡುಗಿಸುವ ಕುಣಿತ. 1879ರ ಜನವರಿ 22ರಂದು ಇಸಾಂಡ್ಲ್ವಾನಾದಲ್ಲಿ ಬ್ರಿಟಿಷ್ ಸೈನ್ಯವನ್ನು ಸೋಲಿಸಿದವರು ಅವರು, ನಿಜ. ಆ ಒಂದು ದಿನವನ್ನು ಹಿಡಿದು ಜಗತ್ತು ಅವರಿಗೆ ಶಾಶ್ವತವಾಗಿ ಈಟಿ ಕೊಟ್ಟುಬಿಟ್ಟಿದೆ. ದಕ್ಷಿಣ ಆಫ್ರಿಕಾದ ಸುಮಾರು ಕಾಲುಭಾಗ ಜನರ ಮನೆಮಾತು ಜುಲು. ಅವರಲ್ಲಿ ನರ್ಸುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಟ್ಯಾಕ್ಸಿ ಓಡಿಸುವವರಿದ್ದಾರೆ. ಬಹುಪಾಲು ಜನ ಭಾನುವಾರ ಚರ್ಚಿಗೆ ಹೋಗುವವರು.

ಅವರ ಮನೆಯೊಳಗಿನ ರೀತಿ ಓದುತ್ತಾ ಹೋದಂತೆ ನನಗೆ ನಮ್ಮ ಅಜ್ಜಿ ನೆನಪಾದಳು. ಹಿರಿಯರು ಮಾತಾಡುವಾಗ ಮಗು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಏನನ್ನಾದರೂ ಬಲಗೈಯಲ್ಲಿ ಕೊಡುವಾಗ, ಇಸಿದುಕೊಳ್ಳುವಾಗ ಎಡಗೈಯನ್ನು ಆ ತೋಳಿಗೆ ಆಸರೆ ಕೊಡಬೇಕು. ಹಳೆಯ ಮಾದರಿಯ ಗುಡಿಸಿಲಿನಲ್ಲಿ ಬಾಗಿಲಿಗೆ ಎದುರಾದ ಹಿಂಭಾಗ ಹಿರಿಯರ ಆತ್ಮಗಳ ಜಾಗ, ಅಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ. ಹುಳಿ ಬಂದ ಹಾಲನ್ನು ಜೋಳದ ಗಂಜಿಯೊಂದಿಗೆ ಉಣ್ಣುತ್ತಾರೆ. ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ‘ಹ್ಲೊನಿಫಾ’ ಎಂಬ ಗೌರವದ ಪದ್ಧತಿ. ಮದುವೆಯಾಗಿ ಬಂದ ಹೆಣ್ಣು ಮಾವನ ಹೆಸರು ಹೇಳುವಂತಿಲ್ಲ. ಆ ಹೆಸರಿನ ಉಚ್ಚಾರಣೆ ಬರುವ ಬೇರೆ ಮಾತುಗಳನ್ನೂ ಆಡುವಂತಿಲ್ಲ. ಬದಲಿಗೆ ಹೊಸ ಮಾತು ಹುಡುಕಿಕೊಳ್ಳಬೇಕು.

ನಮ್ಮ ಅಜ್ಜನಿಗೆ ಊರ ದೇವರ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಅಜ್ಜಿ ಗಂಡನ ಹೆಸರಷ್ಟೇ ಅಲ್ಲ, ದೇವರ ಹೆಸರನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ದೇವರೆಂದರೆ ‘ಅಜ್ಜಯ್ಯ’, ಗಂಡನೆಂದರೆ ‘ಇವರು’. ರೇಷನ್ ಕಾರ್ಡಿನವನು ಬಂದು ಯಜಮಾನರ ಹೆಸರು ಕೇಳಿದಾಗ ಪಕ್ಕದ ಮನೆಯ ಹುಡುಗನನ್ನು ಕರೆದು ಹೇಳಿಸಿದ್ದಳು. ಇದನ್ನು ನಾವು ‘ಸಂಸ್ಕಾರ’ ಎನ್ನುತ್ತೇವೆ. ಜುಲು ಹೆಂಗಸು ಮಾಡಿದರೆ ಬುಡಕಟ್ಟಿನ ಮೂಢ ಆಚಾರ ಎನ್ನುತ್ತೇವೆ. ಎರಡರಲ್ಲೂ ಗೌರವದ ಭಾರವನ್ನು ಹೊರಿಸಿರುವುದು ಸೊಸೆಯ ತಲೆಯ ಮೇಲೆಯೇ ಎಂಬುದನ್ನು ಮಾತ್ರ ಎರಡೂ ಕಡೆಯ ಗಂಡಸರು ಹೇಳುವುದಿಲ್ಲ.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ‘ಜುಲು ಜನ ಹೀಗೆ ಮಾಡುತ್ತಾರೆ’ ಎಂದು ಈಗ ನಾನೂ ಬರೆದೆನಲ್ಲ, ಇದೂ ಒಂದು ಅಚ್ಚೇ ಅಲ್ಲವೇ? ಡರ್ಬನ್ನಿನ ಫ್ಲಾಟಿನಲ್ಲಿ ಬೆಳೆದ ಹುಡುಗಿಗೆ ಇದರಲ್ಲಿ ಅರ್ಧ ಗೊತ್ತಿರಲಾರದು. ಒಟ್ಟಾರೆ ಮಾತಾಡದೆ ಒಂದು ಸಮಾಜವನ್ನು ಅರಿಯುವುದು ಹೇಗೆ ಎಂದು ಕೇಳಿದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನನಗೆ ತೋಚಿದ್ದು ಇಷ್ಟು: ತಾಯಿ ಮಗುವಿಗೆ ಕಲಿಸಿದ್ದು ಪದ್ಧತಿ. ಆ ಮಗುವನ್ನು ನೋಡುವ ಮೊದಲೇ ನಾವು ಅದರ ಮೇಲೆ ಅಂಟಿಸುವುದು ಪೂರ್ವಾಗ್ರಹ. ಪೂರ್ವಾಗ್ರಹ ಸುಳ್ಳೇ ಆಗಿರಬೇಕೆಂದಿಲ್ಲ. ನಮ್ಮೂರಿನಲ್ಲಿ ದೆವ್ವ ಬಿಡಿಸುತ್ತಾರೆ, ಸಿದ್ದಿಗಳಲ್ಲಿ ಡಮಾಮಿ ಇದೆ, ಜುಲುಗಳು ಯುದ್ಧ ಮಾಡಿದ್ದರು. ನಿಜವನ್ನೇ ಮುಚ್ಚಳ ಮಾಡಿ ಮನುಷ್ಯನ ಮೇಲೆ ಕವುಚಿದಾಗ ಅನ್ಯಾಯವಾಗುತ್ತದೆ.

ದೊಡ್ಡವರೂ ಇದರಿಂದ ಸುಲಭವಾಗಿ ಪಾರಾದವರಲ್ಲ. ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಗಾಂಧೀಜಿಯವರು ಕರಿಯರನ್ನು ‘ಕಾಫಿರ್’ ಎಂಬ ಬಿಳಿಯರ ಮಾತಿನಿಂದಲೇ ಕರೆದು, ಭಾರತೀಯರನ್ನು ಅವರ ಸಾಲಿಗೆ ಸೇರಿಸಬಾರದೆಂದು ವಾದಿಸಿದ್ದರು. ಧರ್ಮಗ್ರಂಥದ ಅರಬ್ಬಿ ಪದವೊಂದು ಸಮುದ್ರ ದಾಟುವಷ್ಟರಲ್ಲಿ ಮೈಬಣ್ಣದ ಬೈಗುಳವಾಗಿದ್ದು ಹೀಗೆ. 1906ರ ಬಂಬಾಥಾ ದಂಗೆಯಲ್ಲಿ ಬ್ರಿಟಿಷರ ಪರವಾಗಿ ಡೋಲಿ ಹೊರಲು ಹೋದ ಗಾಂಧಿಯವರ ತಂಡಕ್ಕೆ ಸಿಕ್ಕಿದ್ದು ಗಾಯಗೊಂಡ ಜುಲುಗಳ ಆರೈಕೆ. ಬಿಳಿಯರು ಅವರ ಗಾಯ ತೊಳೆಯಲು ಸಿದ್ಧರಿರಲಿಲ್ಲ. ಚಾಟಿಯೇಟಿನ ಆ ಗಾಯಗಳನ್ನು ಮುಟ್ಟಿದ ಮೇಲೆ ಆ ಯುದ್ಧದ ಬಗ್ಗೆ ಅವರ ಮನಸ್ಸು ಬೇರೆಯಾಯಿತು.

ಮುಚ್ಚಳದ ಪರಿಣಾಮ ಕೇವಲ ನೋವಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನಿನವನೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಕಾರಿನಲ್ಲಿ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊರಗೆಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ದೇಶ ಬೇರೆ, ಕಾರು ಬೇರೆ, ಮನುಷ್ಯರು ಬೇರೆ. ಗುಂಪಿಗೆ ಬಣ್ಣ ಒಂದೇ ಸಾಕಾಯಿತು. ಆ ಸುದ್ದಿ ಓದಿದ ವಾರ ಅವ್ವ ತನ್ನನ್ನು ಬೆಂಗಳೂರಿಗೆ ಹೋಗಬೇಡವೆಂದಿದ್ದಳು ಎಂದು ಗೆಳೆಯ ಹೇಳಿದ. ಯಲ್ಲಾಪುರದಿಂದ ಬೆಂಗಳೂರಿಗೆ, ತನ್ನ ರಾಜ್ಯದ ರಾಜಧಾನಿಗೆ.

ಕಳೆದ ಬೇಸಿಗೆಯಲ್ಲಿ ಅವನನ್ನು ಊರಿಗೆ ಕರೆದುಕೊಂಡು ಹೋದೆ. ಅಮಾವಾಸ್ಯೆ ಅಲ್ಲದ ದಿನ ನೋಡಿಯೇ ಹೊರಟಿದ್ದೆ. ಅಷ್ಟು ಅಳುಕು ಇನ್ನೂ ನನ್ನಲ್ಲಿದೆ. ಜುಲು ಭಾಷೆಯಲ್ಲಿ ಎದುರಾದವರಿಗೆ ‘ಸಾವುಬೋನಾ’ ಎನ್ನುತ್ತಾರಂತೆ, ‘ನಿನ್ನನ್ನು ಕಂಡೆವು’ ಎಂದು ಅದರರ್ಥ. ಬಸ್ಸಿನಲ್ಲಿ ಅವನಿಗೆ ಇದನ್ನು ಹೇಳಿದರೆ, ‘ಮೊದಲು ಚೀಲ ಹಿಡಿ’ ಎಂದ. ಪಡಸಾಲೆಯಲ್ಲಿ ಅಜ್ಜಿ ಕೌದಿ ಬಿಚ್ಚಿಕೊಂಡು ಹರಿದಲ್ಲಿ ತೇಪೆ ಹಾಕುತ್ತಿದ್ದಳು. ಅವನು ಹತ್ತಿರ ಕೂತು, ತಮ್ಮ ಕಡೆಯ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಹೊಲಿಯುತ್ತಾರೆ, ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ ಎಂದ. ಅಜ್ಜಿ ಸೂಜಿ ನಿಲ್ಲಿಸಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನನಗೆ ಎದೆ ಹೊಡೆದುಕೊಳ್ಳತೊಡಗಿತು. ಏನು ಕೇಳಿಬಿಡುತ್ತಾಳೋ ಎಂದು.

‘ಯಾವೂರಪ್ಪ ನಿಂದು?’

‘ಯಲ್ಲಾಪುರ.’

‘ಅಲ್ಲಿ ಅಡಿಕಿ ಈ ವರ್ಷ ಹೆಂಗೈತಿ?’