ಎಳೆಯ ದೇಹಕ್ಕೆ ಎಂಥ ನಿಯಮ?

ವ್ರತವೆಂದರೆ ಅರಿತು ಕೈಕೊಂಡ ವಿರತಿ. ಅಭ್ಯಾಸವೆಂದರೆ ಹಲವು ಬಾರಿ ಮಾಡಿದ್ದರಿಂದ ಮೈಗೂಡಿದ ನಡೆ. ಹನ್ನೆರಡು ಹದಿಮೂರರ ಮಕ್ಕಳಲ್ಲಿ ಅರಿವು ಇನ್ನೂ ಅರಳುತ್ತಿರುತ್ತದೆ, ದೇಹವೂ ಬೆಳೆಯುತ್ತಿರುತ್ತದೆ. ಅವರಿಂದ ನಾವು ಅಪೇಕ್ಷಿಸಬೇಕಾದುದು ವ್ರತವನ್ನೋ, ಅಭ್ಯಾಸವನ್ನೋ? ದಶಲಕ್ಷಣ ಪರ್ವವು ಸಮೀಪಿಸಿದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶ್ರಾವಕ ಕುಟುಂಬಗಳು ಯೋಚಿಸಲೇಬೇಕಾದ ಪ್ರಶ್ನೆಯಿದು.

2016ರ ಅಕ್ಟೋಬರಿನಲ್ಲಿ ಹೈದರಾಬಾದಿನ 13 ವರ್ಷದ ಬಾಲೆಯೊಬ್ಬಳು 68 ದಿನಗಳ ಉಪವಾಸದ ಅನಂತರ ಮರಣ ಹೊಂದಿದಳು. ಅದು ಆಕೆಯ ಸ್ವಂತ ಇಚ್ಛೆಯೆಂದು ಕೆಲವರೂ, ಹಿರಿಯರ ಒತ್ತಾಸೆಯೆಂದು ಕೆಲವರೂ ವಾದಿಸಿದರು. ಆದರೆ ಇಚ್ಛೆಯಿತ್ತೆಂದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಹೊಗಳಿಕೆಯ ನಡುವೆ ಮಗು ಆಡಿದ ಮಾತು ಎಷ್ಟರಮಟ್ಟಿಗೆ ಅದರದೇ ಮಾತು? ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ಮಿತಿಯನ್ನು ಪೂರ್ವಾಚಾರ್ಯರು ಸೇರಿಸಿಯೇ ಹೇಳಿದ್ದಾರೆ. ತನ್ನ ಶಕ್ತಿಯನ್ನು ತಾನೇ ಅಳೆಯಲರಿಯದ ವಯಸ್ಸಿನಲ್ಲಿ ಆ ಅಳತೆಯ ಹೊಣೆ ಹಿರಿಯರದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಯಮ, ನಿಯಮವೆಂದು ಎರಡು ಬಗೆ ಮಾಡಿದ್ದಾರೆ. ಯಮವು ಜೀವಾವಧಿಯದು, ನಿಯಮವು ದಿನ, ಪಕ್ಷ, ಮಾಸವೆಂಬಂತೆ ಕಾಲಮಿತಿಯುಳ್ಳದ್ದು. ಎಳೆಯರಿಗೆ ಒಪ್ಪುವುದು ನಿಯಮವೇ. ಅವಧಿ ಮುಗಿದಾಗ ಅವರು ತಮ್ಮ ನಡೆಯನ್ನು ತಾವೇ ಪರಿಶೀಲಿಸಿ, ಬೇಕೆನಿಸಿದರೆ ಮುಂದುವರಿಸಬಹುದು. ಹೀಗೆ ಅಭ್ಯಾಸವು ಅರಿವಿಗೆ ದಾರಿಯಾಗುತ್ತದೆ.

ಹಾಗಾದರೆ ಎಂಥ ನಿಯಮ? ಒಮ್ಮೆ ಬಳಸಿ ಮುಗಿಯುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಇಂದಿನ ಮೊಬೈಲ್ ಫೋನು ಉಪಭೋಗವಲ್ಲದೆ ಮತ್ತೇನು? 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಒಂಬತ್ತರ ಮೇಲೆ ಒಂದು ತಿಂಗಳು ಫೋನನ್ನು ಮುಟ್ಟೆನೆಂಬುದು ಯುಕ್ತವಾದ ನಿಯಮ. ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುಂದಾದ್ರಿಯ ಶಿಖರದ ಸಮೀಪದವರೆಗೆ ವಾಹನದ ರಸ್ತೆಯಿದ್ದರೂ ಮಕ್ಕಳೊಡನೆ ನಡೆದೇ ಏರಿದರೆ ಯಾತ್ರೆಯೂ ಆಯಿತು, ವ್ಯಾಯಾಮವೂ ಆಯಿತು.

ಆಹಾರದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 19ರ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥವರು ಊಟವನ್ನೇ ಬಿಡುವುದಕ್ಕಿಂತ ಅಂಗಡಿಯ ಕರಿದ ತಿಂಡಿ, ಸಿಹಿ ಪಾನೀಯಗಳನ್ನು ಬಿಡುವುದು ಮೇಲು. ಚಾತುರ್ಮಾಸದಲ್ಲಿ ಸೊಪ್ಪನ್ನು ವರ್ಜಿಸುವ ಮನೆಗಳಲ್ಲಿ ಹುರುಳಿ, ಹೆಸರು, ರಾಗಿ, ಎಳ್ಳುಗಳು ಆ ಕೊರತೆಯನ್ನು ತುಂಬಬೇಕು.

ಇಷ್ಟು ಸುಲಭದ ನಿಯಮದಿಂದ ತಪಸ್ಸಿನ ಗೌರವ ಕುಂದದೇ ಎಂದು ಕೆಲವರು ಕೇಳಬಹುದು. ಸುಲಭವೆಂಬುದೇ ವಿಚಾರಾರ್ಹ. ಒಂದು ದಿನದ ಉಪವಾಸಕ್ಕೆ ಬಂಧುಗಳ ಮೆಚ್ಚುಗೆಯಿದೆ, ಪಾರಣೆಯ ಸಂಭ್ರಮವಿದೆ. ಮೂವತ್ತು ದಿನ ಹೊತ್ತಿಗೆ ಸರಿಯಾಗಿ ಮಲಗಿದವನನ್ನು ಯಾರೂ ಸನ್ಮಾನಿಸುವುದಿಲ್ಲ. ನೋಡುವವರಿಲ್ಲದಾಗಲೂ ನಿಲ್ಲುವ ನಡೆಯೇ ಸಂಯಮ. ಕಷ್ಟದ ಪ್ರಮಾಣದಿಂದಲೇ ವ್ರತವನ್ನು ಅಳೆದರೆ ಮಕ್ಕಳಲ್ಲಿ ಬೆಳೆಯುವುದು ಮಾನಕಷಾಯವೇ ಹೊರತು ವಿರತಿಯಲ್ಲ.

ಇನ್ನೊಂದು ಮಾತು. ರಾತ್ರಿಭೋಜನ ತ್ಯಾಗವನ್ನು ಮಗನಿಗೋ ಮಗಳಿಗೋ ವಿಧಿಸಿದ ಮನೆಯಲ್ಲಿ, ಡಿಸೆಂಬರಿನ ದಿನ ಆರು ಗಂಟೆಗೆಲ್ಲ ಹೊತ್ತು ಮುಳುಗುವಾಗ, ಶಾಲೆಯಿಂದ ದೂರದ ಬಸ್ಸಿನಲ್ಲಿ ಬರುವ ಮಗುವಿಗೆ ಊಟ ಸಿದ್ಧವಾಗಿರಬೇಡವೇ? ಇಲ್ಲದಿದ್ದರೆ ಅದು ತ್ಯಾಗವಲ್ಲ, ಹಸಿವು. ಆದುದರಿಂದ ಮಕ್ಕಳ ನಿಯಮವು ಮನೆಯವರೆಲ್ಲರ ನಿಯಮವಾಗಬೇಕು. ಫೋನನ್ನು ತಂದೆಯೂ ಕೆಳಗಿಡಬೇಕು. ಮುಂದಿನ ಸಲ ಹೊಂಬುಜಕ್ಕೆ ಹೋದಾಗ ಪಾರ್ಶ್ವನಾಥ ಸ್ವಾಮಿಯ ಸನ್ನಿಧಿಯಲ್ಲಿ ತಂದೆತಾಯಿಗಳು ಮಕ್ಕಳೊಡನೆ ಕುಳಿತು, ಅವರನ್ನೂ ಕೇಳಿ, ಒಂದು ತಿಂಗಳ ಒಂದೇ ನಿಯಮವನ್ನು ಕೂಡಿ ಸ್ವೀಕರಿಸಲಿ.