ತೋರುಬೆರಳಿನ ಋಣ

ನಮ್ಮ ಸೀಮೆಯಲ್ಲಿ ಬೆರಗು ಎಂಬುದು ಬಹಳ ಕಾಲ ನೆಲದ ಕೆಳಗೇ ಇತ್ತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳ. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೇತಮಂಗಲ, ಬಂಗಾರಪೇಟೆ ಕಡೆಯ ಮಕ್ಕಳು ಬೆಳೆದರು. 1965ರಲ್ಲಿ ಅದೇ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಭೂಮಿಯನ್ನೇ ತೂರಿಕೊಂಡು ಹೋಗುವ, ಯಾರ ಕಣ್ಣಿಗೂ ಬೀಳದ ಕಣವೊಂದು ನಮ್ಮ ಊರ ಪಕ್ಕದ ಕತ್ತಲಲ್ಲಿ ಸಿಕ್ಕಿಬಿದ್ದಿತ್ತು. ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೇನು ಬೇಕು?

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಇನ್ನು ಇಲ್ಲೇನಿದೆ ಎಂದು ಜನ ಕೈಚೆಲ್ಲಿದರು. ಸೈನೈಡ್ ದಿಬ್ಬ, ಜಾಲಿ, ಬಂಡೆ, ಬಿಸಿಲು: ನೆಲದ ಮೇಲಿನ ಆಸ್ತಿಯ ಪಟ್ಟಿ ಇಷ್ಟರಲ್ಲೇ ಮುಗಿದುಹೋಗುತ್ತಿತ್ತು. ಬೇತಮಂಗಲದ ದೊಡ್ಡ ಕೆರೆಗೂ ಇದೇ ಗತಿ. ಪಾಲಾರ್ ನೀರು ಬಂದು ನಿಲ್ಲುವ ಈ ಕೆರೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಗಣಿಯೂರಿಗೆ ಕುಡಿಯುವ ನೀರು ಹೋಗತೊಡಗಿತು. ಅಂದಿನಿಂದ ಕೆರೆಯನ್ನು ಅಳೆದದ್ದೆಲ್ಲ ನೀರಿನ ಮಟ್ಟದಿಂದ, ಪಂಪಿನ ಲೆಕ್ಕದಿಂದ. ಕೋಡಿ ಬಿತ್ತೇ, ಬತ್ತಿತೇ, ಬೇಸಿಗೆಗೆ ಸಾಲುತ್ತದೆಯೇ? ಈ ಮೂರು ಪ್ರಶ್ನೆ ದಾಟಿ ನಾಲ್ಕನೆಯದನ್ನು ಕೇಳಿದವರು ಕಡಿಮೆ.

ಇಲ್ಲಿ ಇನ್ನಾರೆಲ್ಲ ಬದುಕಿದ್ದಾರೆ ಎಂಬ ಆ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರೇ ನನ್ನ ಮಟ್ಟಿಗೆ ಊರಿನ ನಿಸರ್ಗ ತಜ್ಞರು. ಅವರು ಯಾರು ಎಂದು ಹುಡುಕಲು ದೂರ ಹೋಗಬೇಕಿಲ್ಲ. ಭಾನುವಾರ ಬೆಳಗ್ಗೆ ಕೊರಳಿಗೆ ದುರ್ಬೀನು ಹಾಕಿಕೊಂಡು ಏರಿಯ ಮೇಲೆ ನಡೆಯುವ ಶಾಲಾ ಮೇಷ್ಟರು, ಬಲೆ ಬೀಸುತ್ತಲೇ ಯಾವ ಹಕ್ಕಿ ಎಲ್ಲಿ ಮುಳುಗಿ ಎಲ್ಲಿ ಏಳುತ್ತದೆಂದು ಹೇಳಬಲ್ಲ ಮೀನುಗಾರ, ಅರಣ್ಯ ಇಲಾಖೆಯ ವಾಚರ್, ಆಡು ಕಾಯುವ ಮುದುಕ. ಇವರಲ್ಲಿ ಕೆಲವರಿಗೆ ಹಕ್ಕಿಯ ಲ್ಯಾಟಿನ್ ಹೆಸರು ಗೊತ್ತು, ಕೆಲವರಿಗೆ ತಮ್ಮ ಮನೆಯ ತೆಲುಗಿನ ಹೆಸರಷ್ಟೇ ಗೊತ್ತು. ನೋಡಿ ನೋಡಿ ಕಲಿತವರು ಎಂಬುದು ಮಾತ್ರ ಎಲ್ಲರಿಗೂ ಸಮಾನ.

ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದು ಅಂಗಳದ ಗರಸು ಮೇಲೇಳುತ್ತದೆ. ಅಂಥ ಕಡೆ ನಡೆದುಹೋಗುತ್ತಿದ್ದಾಗ ಆಡು ಕಾಯುವ ಹಿರಿಯರೊಬ್ಬರು ದೂರದಿಂದಲೇ ಕೂಗಿದ್ದರು.

"ಸಾರ್, ಅಲ್ಲೇ ನಿಂತ್ಕಳಿ. ಇನ್ನೊಂದ್ ಹೆಜ್ಜೆ ಇಟ್ರೆ ಹೋಯ್ತು."

"ಏನಾಯ್ತು ಯಜಮಾನ್ರೆ, ಹಾವಾ?"

"ಹಾವಲ್ಲ, ಮೊಟ್ಟೆ. ನಿಮ್ ಕಾಲ್ ಮುಂದೇನೇ ಐತೆ ನೋಡಿ."

ನೋಡಿದೆ. ಬರೀ ಕಲ್ಲು. ಅವರು ಹತ್ತಿರ ಬಂದು ಕೋಲಿನ ತುದಿ ತೋರಿಸಿದ ಮೇಲೆ ಒಂದು ಕಲ್ಲು ಮೊಟ್ಟೆಯಾಯಿತು, ಆಮೇಲೆ ಇನ್ನೊಂದು, ಕೊನೆಗೆ ನಾಲ್ಕು. ಮಣ್ಣಿನ ಬಣ್ಣ, ಮೇಲೆ ಮಸಿ ಚೆಲ್ಲಿದಂಥ ಕಪ್ಪು ಮಚ್ಚೆ. ನಾಲ್ಕರ ಚೂಪು ತುದಿಗಳೂ ಒಳಮುಖವಾಗಿ ಕೂಡಿಕೊಂಡಿದ್ದವು. ಗೂಡು ಎನ್ನುವಂಥದ್ದೇನೂ ಇಲ್ಲ. ಅಂಗೈಯಗಲದ ತಗ್ಗು, ಸುತ್ತ ಸಣ್ಣ ಕಲ್ಲು, ಒಣಗಿದ ಆಡಿನ ಹಿಕ್ಕೆ. ತುಸು ದೂರದಲ್ಲಿ ಟಿಟ್ಟಿಭ ಹಳದಿ ಕಾಲೂರಿ ನಿಂತು, ನಾವಿಬ್ಬರೂ ಕಳ್ಳರೆಂದು ಊರಿಗೆಲ್ಲ ಸಾರುತ್ತಿತ್ತು. "ನಡೀರಿ ಈಚೆಗೆ. ಬಿಸ್ಲು ಏರ್ತಾ ಐತೆ, ಅದು ಕೂತ್ಕಬೇಕು" ಎಂದರು ಯಜಮಾನರು. ಹತ್ತಡಿ ಆಚೆ ಜಾಲಿಯ ನೆರಳಿಗೆ ಬಂದ ಮೇಲೆ ಇನ್ನೊಂದು ಮಾತು ಹೇಳಿದರು: "ಮಧ್ಯಾಹ್ನ ಆದ್ರೆ ಕೆರೆಗ್ ಹೋಗಿ ಎದೆ ನೆನಸ್ಕಂಡ್ ಬತ್ತದೆ. ಮೊಟ್ಟೆ ಬೇಯಬಾರ್ದಲ್ಲ."

ಟಿಟ್ಟಿಭ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದನ್ನು ಪಕ್ಷಿಶಾಸ್ತ್ರಜ್ಞರೂ ನೋಡಿ ಬರೆದಿಟ್ಟಿದ್ದಾರೆ. ಕಾವು ಕೂರುವ ಕೆಲಸವನ್ನು ಗಂಡು ಹೆಣ್ಣು ಹಂಚಿಕೊಳ್ಳುತ್ತವೆ, ಸುಮಾರು ನಾಲ್ಕು ವಾರಕ್ಕೆ ಮರಿ ಹೊರಬರುತ್ತದೆ ಎಂಬುದೂ ಅಲ್ಲಿದೆ. ಯಜಮಾನರು ಪುಸ್ತಕ ಓದಿದವರಲ್ಲ. ಬಿಸಿಲಲ್ಲಿ ನಿಂತು ನೋಡಿದವರು. ಪುಸ್ತಕ ಬರೆದವರೂ ಮೊದಲು ಹಾಗೆಯೇ ಎಲ್ಲೋ ನಿಂತಿದ್ದರು ತಾನೇ?

ತಿಳಿದುಕೊಂಡರೆ ಬೆರಗು ಕಳೆದುಹೋಗುತ್ತದೆ, ಗೊತ್ತಿಲ್ಲದಿದ್ದಾಗಲೇ ಚೆಂದ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗೊತ್ತಿಲ್ಲದವನಿಗೆ ಟಿಟ್ಟಿಭದ ಕೂಗು ಬರೀ ಗಲಾಟೆ. ಗೊತ್ತಾದ ಮೇಲೆ ಆ ಕೂಗಿನ ಹಿಂದೆ ನಾಲ್ಕು ಮೊಟ್ಟೆ, ಸುಡುವ ಗರಸು, ಕೆರೆಗೂ ಗೂಡಿಗೂ ನಡುವಿನ ಓಡಾಟ ಎಲ್ಲವೂ ಬಂದು ನಿಲ್ಲುತ್ತವೆ. ಜನವರಿಯ ಬೆಳಗ್ಗೆ ಕೆರೆಯಂಚಿನ ಕೆಸರಲ್ಲಿ ಬಾಲ ಕುಣಿಸುತ್ತ ಓಡುವ ಕುಂಡೆಕುಸ್ಕ ನೋಡಲು ಗುಬ್ಬಚ್ಚಿಗಿಂತ ಹೆಚ್ಚೇನಲ್ಲ. ಆದರೆ ಅವುಗಳಲ್ಲಿ ಕೆಲವು ಹಿಮಾಲಯದ ಆಚೆಯಿಂದ ಹಾರಿಬಂದವು, ಬೇಸಿಗೆಗೆ ಮೊದಲು ಮತ್ತೆ ಅಷ್ಟು ದೂರ ಹಾರಬೇಕು ಎಂದು ಮೇಷ್ಟರು ಹೇಳಿದ ಗಳಿಗೆಯಿಂದ ಅವುಗಳ ಮೇಲಿನ ಕಣ್ಣು ಕೀಳಲಾಗುವುದಿಲ್ಲ. ನೀರಿನ ನಡುವೆ ಗುಳುಮುಳುಕ ಮುಳುಗುತ್ತದೆ. ಎಲ್ಲಿ ಏಳುತ್ತದೆ ಎಂದು ಮಕ್ಕಳು ಪಂದ್ಯ ಕಟ್ಟುತ್ತಾರೆ. ಅದು ಮರಿಗಳನ್ನು ಬೆನ್ನಿನ ಗರಿಯೊಳಗೆ ಕೂರಿಸಿಕೊಂಡು ಈಜುತ್ತದೆ ಎಂದು ಯಾರಾದರೂ ಹೇಳಲಿ, ಪಂದ್ಯ ನಿಂತುಹೋಗಿ ಎಲ್ಲರೂ ಸುಮ್ಮನಾಗುತ್ತಾರೆ.

ಕನ್ನಡದ ಓದುಗರಿಗೆ ಕಾಡಿನ ಬೆರಗು ಹೊಸದಲ್ಲ. ತೇಜಸ್ವಿಯವರು ಒಂದಿಡೀ ತಲೆಮಾರಿಗೆ ಹಕ್ಕಿ, ಓತಿ, ಕೀಟ ನೋಡುವುದನ್ನು ಕಲಿಸಿದರು. ಅವರು ಕಲಿಸಿದ್ದು ಎಲ್ಲಿ ಬೇಕಾದರೂ ಸಲ್ಲುವ ವಿದ್ಯೆ. ನಾವು ಮಾತ್ರ ಅದನ್ನು ಮಲೆನಾಡಿಗೆ ಕಟ್ಟಿಹಾಕಿದೆವು. ಕಾಡೆಂದರೆ ಸೋನೆಮಳೆ, ಜಿಗಣೆ, ಮುಗಿಲು ಮುಟ್ಟುವ ಮರ. ಪ್ರಾಣಿ ನೋಡಬೇಕಾದರೆ ಬಂಡೀಪುರಕ್ಕೋ ಕಬಿನಿಗೋ ಹೋಗಿ ಜೀಪು ಹತ್ತಬೇಕು. ಕೋಲಾರದಂಥ ಬಯಲುಸೀಮೆಯ ಕುರುಚಲು ಕಾಡು ಈ ಚಿತ್ರದೊಳಗೆ ಹಿಡಿಸುವುದೇ ಇಲ್ಲ. ತಂಗಡಿ, ಬಂದರೆ, ಕಾರೆಮುಳ್ಳು, ಕಳ್ಳಿ, ನಡುನಡುವೆ ಗುಂಡುಬಂಡೆ. ಮೊದಲ ನೋಟಕ್ಕೆ ಅದು ಏನನ್ನೂ ಬಿಟ್ಟುಕೊಡುವುದಿಲ್ಲ. ಅದಕ್ಕೇ ಅಲ್ಲಿ ತೋರಿಸುವವರ ಅಗತ್ಯ ಹೆಚ್ಚು.

ಬಂಡೆಯ ನೆತ್ತಿಯ ಮೇಲೆ ತಲೆಯೆತ್ತಿ ಕೂತ ಓತಿಕ್ಯಾತನನ್ನೇ ನೋಡಿ. ನಾವೆಲ್ಲ ಕಲ್ಲು ಬೀರಿ ಓಡಿಸಿದ ಪ್ರಾಣಿ. ಗಂಡು ಕೆಲವೇ ಕ್ಷಣಗಳಲ್ಲಿ ಬಣ್ಣ ಬದಲಿಸುತ್ತದೆ. ಎದುರಿಗೆ ಹೆಣ್ಣು ಬಂದರೆ ಒಂದು ಬಣ್ಣ, ಮತ್ತೊಂದು ಗಂಡು ಬಂದರೆ ಬೇರೆಯದೇ ಬಣ್ಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಕೂಲಂಕಷವಾಗಿ ಅಳೆದು ನೋಡಿದ್ದಾರೆ. ಅಷ್ಟು ಮಾತು ಬಣ್ಣದಲ್ಲೇ ನಡೆಯುತ್ತಿರುವ ಬಂಡೆಯ ಪಕ್ಕದಲ್ಲಿ ನಾವು ಬೈಕ್ ನಿಲ್ಲಿಸಿ ಫೋನ್ ನೋಡುತ್ತ ಕೂತಿರುತ್ತೇವೆ.

ತೋರಿಸುವವರಿಲ್ಲದಿದ್ದರೆ ನಷ್ಟವೇನು? ಕೋಲಾರ ಜಿಲ್ಲೆಯ ಬೀಳುಗಳನ್ನು ಕೇಳಿದರೆ ಉತ್ತರ ಸಿಗುತ್ತದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಅವು ಖಾಲಿ ಜಾಗದಂತೆ ಕಂಡವು. ಖಾಲಿ ಇದ್ದಲ್ಲಿ ಏನಾದರೂ ನೆಡಬೇಕಲ್ಲ, ನೀಲಗಿರಿ ಬಂತು. ಗೌಜಲು ಅಡಗುವ ಪೊದೆ, ಮೊಲ ಮಲಗುವ ಹುಲ್ಲು, ನರಿಯ ಬಿಲ ಯಾವ ಯೋಜನೆಯ ನಕ್ಷೆಯಲ್ಲೂ ಇರಲಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಅಷ್ಟು ಹೊತ್ತಿಗೆ ಜಿಲ್ಲೆಯ ದೊಡ್ಡ ಭಾಗ ಒಂದೇ ಮರದ ಸಾಲುಗಳಾಗಿ ಹೋಗಿತ್ತು.

ಆದರೆ ಕಣ್ಣಿಟ್ಟು ನೋಡಿದವರಿಂದ ಉಳಿದ ಒಂದು ಜೀವದ ಕಥೆಯೂ ಇದೇ ಜಿಲ್ಲೆಯದು. 1994ರಲ್ಲಿ ಎಚ್.ಆರ್. ಭಟ್ ಮತ್ತು ಜರ್ಮನಿಯ ಡೀಟರ್ ಕಾಕ್ ಸೇರಿ ವಿಜ್ಞಾನಕ್ಕೆ ಹೊಸದಾದ ಬಾವಲಿಯೊಂದನ್ನು ಪರಿಚಯಿಸಿದರು. ಅದು ಕೋಲಾರದ ಎಲೆಮೂಗಿನ ಬಾವಲಿ. ಸಿಕ್ಕಿದ್ದು ತೇರಹಳ್ಳಿ ಮತ್ತು ಹನುಮನಹಳ್ಳಿಯ ಕಲ್ಲುಗವಿಗಳಲ್ಲಿ. ಮೂಗಿನ ಮೇಲೆ ಎಲೆಯಂತೆ ಮಡಿಚಿದ ಚರ್ಮವಿದೆ. ತನ್ನ ಕೂಗನ್ನು ಬಾವಲಿ ಆ ಮೂಗಿನಿಂದಲೇ ಹೊರಡಿಸುತ್ತದೆ, ಅದರ ಮಾರ್ದನಿ ಹಿಡಿದು ಕತ್ತಲಲ್ಲಿ ಹುಳ ಬೇಟೆಯಾಡುತ್ತದೆ. ನಮ್ಮ ಕಿವಿ ಮುಟ್ಟುವುದು 20 ಕಿಲೋಹರ್ಟ್ಝ್‌ವರೆಗೆ. ಇದರ ಕೂಗು ಅದಕ್ಕಿಂತ ಹಲವು ಪಟ್ಟು ಮೇಲಿನದು. ಇಡೀ ರಾತ್ರಿ ತಲೆಯ ಮೇಲೆ ಕೂಗುತ್ತ ಹಾರಿದರೂ ಊರಿಗೆ ಕೇಳಿಸುವುದಿಲ್ಲ. ಕಾಣದ ಕಣವನ್ನು ಹಿಡಿಯಲು ಗಣಿಯ ಆಳಕ್ಕೆ ಯಂತ್ರ ಇಳಿಸಿದ ಜಿಲ್ಲೆಯಲ್ಲೇ, ಕೇಳದ ಕೂಗನ್ನು ಕೇಳಲು ಗವಿಯ ಬಾಯಲ್ಲಿ ಯಂತ್ರ ಹಿಡಿದು ಕೂತವರೂ ಬಂದರು.

ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ತಂಡದವರು ಮತ್ತೆ ಹುಡುಕಿದಾಗ ತೇರಹಳ್ಳಿಯ ಗವಿಯಲ್ಲಿ ಈ ಬಾವಲಿ ಇರಲಿಲ್ಲ. ಉಳಿದದ್ದು ಹನುಮನಹಳ್ಳಿಯ ಗವಿ ಮಾತ್ರ. ಅಲ್ಲಿಯೂ ಇನ್ನೂರಕ್ಕಿಂತ ಕಡಿಮೆ ಎಂಬ ಅಂದಾಜು. ಆ ಬೆಟ್ಟದ ಕಲ್ಲಿಗೆ ಕ್ವಾರಿಯ ಕಣ್ಣು ಬಿದ್ದಿತ್ತು. 2016ರಲ್ಲಿ ಐಯುಸಿಎನ್ ಇದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ರಾಜೇಶ್ ಪುಟ್ಟಸ್ವಾಮಯ್ಯ ಮತ್ತು ಅವರ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟಿನವರು ಈ ಗವಿಯ ಬೆನ್ನು ಹತ್ತಿದರು. ಅರಣ್ಯ ಇಲಾಖೆ ಸುತ್ತಲಿನ ನೆಲಕ್ಕೆ ರಕ್ಷಣೆ ಕೊಟ್ಟಿತು.

ಈ ಬಾವಲಿಯನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ತೇರಹಳ್ಳಿಯ ಗವಿ. ಅಲ್ಲಿಂದ ಅದು ಹೋದ ದಿನ ಯಾವುದು? ಯಾರಿಗೂ ತಿಳಿಯದು. ಗುರುತೇ ಇಲ್ಲದವರು ಊರು ಬಿಟ್ಟರೆ ಬಾಗಿಲಿಗೆ ಬಂದು ವಿಚಾರಿಸುವವರಾರು? ಅಗಲಿಕೆಗೂ ಮೊದಲು ಪರಿಚಯ ಬೇಕು. ಹನುಮನಹಳ್ಳಿಯ ಬಾವಲಿಗೆ ಆ ಪರಿಚಯ ದಕ್ಕಿತು, ಅಷ್ಟೇ ವ್ಯತ್ಯಾಸ.

ಎಲ್ಲ ಬೆರಗೂ ಹಿತವಾಗಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಂಬತ್ತರ ದಶಕದಲ್ಲಿ ತಮಿಳುನಾಡಿನ ಕಡೆಯಿಂದ ಆನೆಗಳು ಆಂಧ್ರದ ಕುಪ್ಪಂ, ಪಲಮನೇರು ಸೀಮೆಗೆ ಬಂದು ನೆಲೆ ನಿಂತವು. ಅಲ್ಲಿ ಕೌಂಡಿನ್ಯ ಅಭಯಾರಣ್ಯವಾಯಿತು. ಗಡಿಯ ಈಚೆ ಕಾಮಸಮುದ್ರದ ಸುತ್ತಿನ ರೈತರಿಗೆ ಆನೆಯೆಂದರೆ ತುಳಿದುಹೋದ ರಾಗಿ, ಟೊಮೆಟೊ, ನಿದ್ದೆಗೆಟ್ಟ ರಾತ್ರಿ, ಕೆಲವೊಮ್ಮೆ ಮನೆಯವರ ಸಾವು. ಅವರ ಮುಂದೆ ನಿಂತು ಆನೆಯ ಚೆಲುವನ್ನು ವರ್ಣಿಸುವ ಧೈರ್ಯ ನನಗಿಲ್ಲ. ಆದರೆ ಆನೆಯ ಬಗ್ಗೆ ಕಲಿಯಬೇಕಾದದ್ದೂ ಅವರಿಂದಲೇ. ಯಾವ ತಿಂಗಳು ಬರುತ್ತದೆ, ಯಾವ ಕುಂಟೆಯ ದಾರಿ ಹಿಡಿಯುತ್ತದೆ, ಮರಿಯಿದ್ದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಭಯದ ನಡುವೆ ಕಲಿತ ಪಾಠ. ನಿಸರ್ಗ ಜ್ಞಾನ ಎಂಬುದು ಪ್ರೀತಿಸುವವರ ಸ್ವತ್ತು ಮಾತ್ರವಲ್ಲ, ಜೊತೆಗೆ ಬದುಕಿ ಪಾಡು ಪಟ್ಟವರದ್ದೂ ಹೌದು. ಆ ಪಾಡನ್ನು ಕೇಳಿಸಿಕೊಳ್ಳದ ಬೆರಗು ಪ್ರವಾಸಿಯ ಬೆರಗು.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಒಂದೇ. ಬೆರಗು ತಾನಾಗಿ ಹುಟ್ಟುವುದು ಅಪರೂಪ. ಬಹುಪಾಲು ಅದು ಕೈಯಿಂದ ಕೈಗೆ ದಾಟಿ ಬಂದದ್ದು. ಯಾರೋ ಒಬ್ಬರು ತಮ್ಮ ಕೆಲಸ ಬಿಟ್ಟು, ಕೂಗಿ ನಿಲ್ಲಿಸಿ, ಬೆರಳು ಚಾಚಿದ್ದಾರೆ. ಆ ಬೆರಳು ಎಷ್ಟು ಹೊತ್ತು ಬಿಸಿಲಲ್ಲಿ ಕಾದಿತ್ತೆಂದು ನಾವು ಕೇಳುವುದಿಲ್ಲ. ಇದೊಂದು ಋಣ. ಕೊಟ್ಟವರಿಗೇ ಹಿಂತಿರುಗಿಸಲಾಗದ ಋಣ, ಯಾಕೆಂದರೆ ಅವರು ಆಗಲೇ ನೋಡಿಬಿಟ್ಟಿದ್ದಾರೆ. ನೋಡದ ಇನ್ನೊಬ್ಬರಿಗೆ ತೋರಿಸಿದರಷ್ಟೇ ತೀರುತ್ತದೆ.

ಏಷ್ಯಾದ ಉದ್ದಗಲಕ್ಕೂ ಪ್ರತಿ ಜನವರಿಯಲ್ಲಿ ನೀರಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದ ಈ ಕೆಲಸವನ್ನು ಮಾಡುವವರು ಹೆಚ್ಚಾಗಿ ನಮ್ಮ ನಿಮ್ಮಂಥ ಹವ್ಯಾಸಿಗಳೇ. ಬರುವ ಜನವರಿಯವರೆಗೂ ಕಾಯಬೇಕೆಂದೇನಿಲ್ಲ. ಈ ಭಾನುವಾರ ಬಿಸಿಲೇರುವ ಮೊದಲು ನಿಮ್ಮೂರ ಕೆರೆಯ ಏರಿಗೆ ಹೋಗಿ. ಜೊತೆಗೊಂದು ಮಗುವಿರಲಿ, ಒಂದು ನೋಟ್‌ಬುಕ್ಕಿರಲಿ. ಎದುರಿಗೆ ಆಡು ಕಾಯುವವರೋ ಬಲೆ ಹಾಕುವವರೋ ಸಿಕ್ಕರೆ ನಮಸ್ಕಾರ ಹೇಳಿ ಮಾತಾಡಿಸಿ, ಅವರು ಹೇಳಿದ್ದನ್ನು ದಿನಾಂಕದ ಸಮೇತ ಬರೆದುಕೊಳ್ಳಿ. ಗೂಡು ಕಂಡರೆ ಹತ್ತಿರ ಹೋಗಬೇಡಿ, ಜಾಗದ ಗುರುತನ್ನು ವಾಟ್ಸಾಪಿಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಬೆಳಗ್ಗೆ ಏನೇನು ನೋಡಿತೆಂದು ಆ ಮಗು ಅಜ್ಜಿಗೆ ಹೇಳಲಿ, ನೀವು ಪಕ್ಕದಲ್ಲಿ ಕೂತು ಕೇಳಿ.