ಕೇಳದಿದ್ದರೆ ಹೇಳಬೇಕಿಲ್ಲವೆ?

ಮುಲುಂಡಿನ ನಮ್ಮ ಮನೆಗೆ ಆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದದ್ದು ಒಂದು ಭಾನುವಾರ, ಟೆಂಪೋದಲ್ಲಿ, ಹಳೆಯ ಕಂಬಳಿ ಸುತ್ತಿಕೊಂಡು. ಮಾರಿದವರು ವರ್ಗವಾಗಿ ಬೆಂಗಳೂರಿಗೆ ಹೊರಟಿದ್ದರು. ಮುಂಬೈಯಲ್ಲಿ ಮನೆ ಬಿಡುವವರ ಸಾಮಾನು ಹೀಗೇ ಕೈ ಬದಲಾಯಿಸುತ್ತದೆ: ಕಪಾಟು, ವಾಷಿಂಗ್ ಮೆಷಿನ್, ಮಕ್ಕಳ ಸೈಕಲ್. ಇವರದ್ದು ಸಮುದ್ರದ ಮೀನು ಸಾಕುವ ತೊಟ್ಟಿ. ಪಂಪು, ಸ್ಕಿಮ್ಮರ್, ದೀಪ, ನೀರು ತಂಪಾಗಿಡುವ ಚಿಲ್ಲರ್, ಸುಣ್ಣದ ಕಲ್ಲು, ಮರಳು ಎಲ್ಲ ಸೇರಿ ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆ. ಮಾತಿನ ನಡುವೆ ಇಬ್ಬರೂ ಕುಂದಾಪುರದ ಕಡೆಯವರೆಂದು ತಿಳಿಯಿತು. ಆಮೇಲೆ ನಾನು ಹೆಚ್ಚೇನೂ ಕೇಳಲಿಲ್ಲ. ಚಹಾ ಕುಡಿದು, ಊರಿನ ಮಳೆಯ ಬಗ್ಗೆ ಮಾತಾಡಿ, ದುಡ್ಡು ಕೊಟ್ಟು ಬಂದೆ.

ಕಣ್ಣಿಗೆ ಕಾಣುವುದನ್ನೆಲ್ಲ ನೋಡಿದ್ದೆ. ತೊಟ್ಟಿ ತುಂಬಿದರೆ ಇನ್ನೂರೈವತ್ತು ಲೀಟರ್ ನೀರು, ಅಂದರೆ ಸುಮಾರು ಇನ್ನೂರೈವತ್ತು ಕಿಲೋ ಭಾರ. ಆದ್ದರಿಂದ ಗಾಜುಗಳನ್ನು ಜೋಡಿಸುವ ಸಿಲಿಕೋನ್ ಎಲ್ಲಾದರೂ ಎದ್ದಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದೆ. ಎರಡು ದಿನ ಬಾಲ್ಕನಿಯಲ್ಲಿ ನೀರು ತುಂಬಿಸಿಟ್ಟೆ. ವಯರು, ಪ್ಲಗ್ಗುಗಳಲ್ಲಿ ಉಪ್ಪು ಕಟ್ಟಿತ್ತು. ಉಪ್ಪುನೀರು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ ಎಂದು ಎರಡು ಪ್ಲಗ್ ಬದಲಿಸಿದೆ. ಸದ್ದು ಮಾಡುತ್ತಿದ್ದ ಪಂಪನ್ನು ವಿನೆಗರಿನಲ್ಲಿ ನೆನೆಹಾಕಿದಾಗ ಬಿಳಿಯ ಗಟ್ಟಿ ಪದರ ಕರಗಿ ಅದು ತಣ್ಣಗೆ ತಿರುಗಿತು. ಹಳೆಯ ವಸ್ತುವಿನ ಇಂಥ ದೋಷಗಳು ತಾವಾಗಿಯೇ ಮಾತಾಡುತ್ತವೆ. ಸೋರುತ್ತವೆ, ಕಿರುಗುಟ್ಟುತ್ತವೆ, ತುಕ್ಕು ಹಿಡಿಯುತ್ತವೆ.

ಎರಡು ತಿಂಗಳ ನಂತರ ತೊಟ್ಟಿಗೆ ಒಂದು ಜೊತೆ ಕ್ಲೌನ್ ಮೀನು ಬಿಟ್ಟೆ. ಚೆನ್ನಾಗಿದ್ದವು. ಆಮೇಲೆ ಎರಡು ಸಿಗಡಿ, ನಾಲ್ಕು ಬಸವನಹುಳು ತಂದೆ. ಮರುದಿನ ಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದ್ದವು. ಮೂರನೆಯ ದಿನ ಸಿಗಡಿಗಳೂ ಇಲ್ಲ. ಉಪ್ಪಿನ ಅಳತೆ ತಪ್ಪಿತೆಂದುಕೊಂಡೆ, ಅಂಗಡಿಯವನನ್ನು ಬೈದುಕೊಂಡೆ, ಇನ್ನೊಮ್ಮೆ ತಂದೆ. ಮತ್ತೆ ಅದೇ. ಕೊನೆಗೆ ಒಬ್ಬ ಹಳೆಯ ಹವ್ಯಾಸಿ ಹೇಳಿದರು, "ತಾಮ್ರ ಪರೀಕ್ಷೆ ಮಾಡಿ." ಟೆಸ್ಟ್ ಕಿಟ್ಟಿನ ಹನಿ ಬಿದ್ದೊಡನೆ ನೀರಿನ ಬಣ್ಣ ತಿರುಗಿತು.

ಸಮುದ್ರದ ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ತಾಮ್ರ ಹಳೆಯ ಮದ್ದು. ಆ ಪರಾವಲಂಬಿ ಜೀವಿ ನೀರಿನಲ್ಲಿ ಈಜುವ ಹಂತದಲ್ಲಿರುವಾಗ ತಾಮ್ರ ಅದನ್ನು ಕೊಲ್ಲುತ್ತದೆ, ಅಳತೆ ಮೀರದಿದ್ದರೆ ಮೀನು ಉಳಿಯುತ್ತದೆ. ಸಿಗಡಿ, ಹುಳು, ಹವಳ ತಡೆಯುವುದಿಲ್ಲ. ಆದ್ದರಿಂದಲೇ ತಿಳಿದವರು ಬೇರೆ ಸಣ್ಣ ತೊಟ್ಟಿಯಲ್ಲಿ ಮದ್ದು ಮಾಡುತ್ತಾರೆ. ದೊಡ್ಡ ತೊಟ್ಟಿಗೇ ಹಾಕಿದರೆ ಸುಣ್ಣದ ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಮುಂದೆ ಎಂದೋ ಮೆಲ್ಲಗೆ ನೀರಿಗೆ ಬಿಡುತ್ತವೆ. ನೋಡಿದರೆ ಏನೂ ತಿಳಿಯುವುದಿಲ್ಲ. ನಾವು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಚೊಂಬಿನ ತಾಮ್ರವೇ, ಚಿಪ್ಪುಜೀವಿಗಳು ಅಂಟದಿರಲೆಂದು ಹಡಗಿನ ತಳಕ್ಕೆ ಬಳಿಯುವ ಬಣ್ಣದಲ್ಲೂ ಇರುತ್ತದೆ.

ಫೋನ್ ಮಾಡಿದೆ. ಅವರು ಅಡಗಿಸಲಿಲ್ಲ. "ಹೌದು, ಒಂದು ಸಲ ಹಾಕಿದ್ದೆ. ನೀವು ಕೇಳ್ಲೇ ಇಲ್ಲ ಅಲ್ದಾ ಮಾರಾಯ್ರೆ? ಕೇಳಿದ್ರೆ ಹೇಳ್ತಿದ್ದೆ."

ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

ಕಾನೂನು ಬಹುಮಟ್ಟಿಗೆ ಅವರ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ ಬರಿಯ ಮೌನ ವಂಚನೆಯಲ್ಲ. ಅಲ್ಲಿ ಉದಾಹರಣೆಗೆ ಒಂದು ಕುದುರೆಯ ಕತೆ ಬರುತ್ತದೆ. ತನ್ನ ಕುದುರೆಗೆ ದೋಷವಿದೆಯೆಂದು ಬಲ್ಲವನೊಬ್ಬ ಏನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರಿದರೆ ವಂಚನೆಯಾಗದು. ಆದರೆ ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳುವುದು ಅವನ ಕರ್ತವ್ಯ. ಸಂಬಂಧವೇ ಆ ಕರ್ತವ್ಯವನ್ನು ಹುಟ್ಟಿಸುತ್ತದೆ.

ಹಾಗಾದರೆ ಊರಿನವರೆಂಬುದು ಸಂಬಂಧವೇ? ಮುಂಬೈಯಲ್ಲಿ ನಾವು ಹಾಗೇ ಬದುಕುತ್ತೇವೆ. ಬಾಡಿಗೆ ಮನೆ, ಚೀಟಿ, ಡಾಕ್ಟರು, ಹುಡುಗಿಗೆ ಗಂಡು, ಎಲ್ಲದಕ್ಕೂ "ನಮ್ಮವರೇ" ಎಂಬ ಮಾತು ಅರ್ಧ ವಿಚಾರಣೆಯ ಕೆಲಸ ಮಾಡುತ್ತದೆ. ಆದರೆ ಆ ಭಾನುವಾರ ಕನ್ನಡ ನನ್ನ ಬಾಯಿಯನ್ನು ಮುಚ್ಚಿಸಿತು, ಅವರ ಬಾಯಿಯನ್ನು ತೆರೆಸಲಿಲ್ಲ. ಅಪರಿಚಿತರಾಗಿದ್ದರೆ ನಾನು ಹತ್ತು ಪ್ರಶ್ನೆ ಕೇಳುತ್ತಿದ್ದೆ.

ಆದರೂ ತಾಮ್ರದ ಪ್ರಶ್ನೆ ಆ ಹತ್ತರಲ್ಲಿ ಇರುತ್ತಿರಲಿಲ್ಲ. ತಾಮ್ರದ ಮದ್ದೊಂದು ಇದೆಯೆಂದೇ ತಿಳಿಯದವನು ಅದನ್ನು ಹಾಕಿದ್ದೀರಾ ಎಂದು ಹೇಗೆ ಕೇಳುತ್ತಾನೆ? "ಕೇಳಿದ್ದರೆ ಹೇಳುತ್ತಿದ್ದೆ" ಎಂಬುದು ಇಬ್ಬರಿಗೂ ಸಮಾನ ತಿಳಿವಳಿಕೆ ಇದ್ದಾಗ ಮಾತ್ರ ನ್ಯಾಯ. ಒಬ್ಬನಿಗೆ ಗೊತ್ತಿದ್ದು, ಇನ್ನೊಬ್ಬನಿಗೆ ಕೇಳುವುದಕ್ಕೂ ಗೊತ್ತಿಲ್ಲದಿದ್ದಾಗ, ಹೇಳುವ ಭಾರ ಗೊತ್ತಿದ್ದವನ ಮೇಲೇ ಬೀಳುತ್ತದೆ. ಅದಕ್ಕೆ ಮಗಳಾಗಬೇಕಿಲ್ಲ, ಊರಿನವನೂ ಆಗಬೇಕಿಲ್ಲ.

ನನ್ನ ಹೆಂಡತಿಗೆ ಇದೆಲ್ಲ ಅತಿಯೆನಿಸಿತು. "ಊರಿಗೆ ಹೋದರೆ ಚಟ್ಲಿ ಸುಕ್ಕ ಎರಡು ಸಲ ಬಡಿಸಿಕೊಳ್ಳುತ್ತೀರಿ. ನಾಲ್ಕು ಸಿಗಡಿಗೆ ಇಷ್ಟು ಚಿಂತೆಯೆ?" ಉತ್ತರ ಸುಲಭವಿರಲಿಲ್ಲ. ತಿನ್ನುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತು. ಇವನ್ನು ಸಾಕುತ್ತೇನೆಂದು ತಂದವನು ನಾನು, ಮತ್ತು ತಂದ ದಿನದಿಂದ ವಿಷದಲ್ಲಿ ಇಟ್ಟಿದ್ದೆ. ವ್ಯಾಪಾರ ನಡೆದದ್ದು ನಮ್ಮಿಬ್ಬರ ನಡುವೆ, ಬೆಲೆ ತೆತ್ತದ್ದು ಅವು. ಎರಡನೆಯ ಸಲ ಪರೀಕ್ಷಿಸದೆ ತಂದದ್ದಂತೂ ನನ್ನದೇ ತಪ್ಪು; ಅದನ್ನು ಯಾರ ಮೌನದ ಮೇಲೂ ಹಾಕಲಾರೆ.

ಕಲ್ಲು, ಮರಳು ಎಸೆದೆ. ಗಾಜು, ಕೊಳವೆಗಳನ್ನೆಲ್ಲ ವಿನೆಗರಿನಲ್ಲಿ ತೊಳೆದೆ. ತಾಮ್ರ ಹೀರುವ ರೆಸಿನ್ ಚೀಲ ಇಟ್ಟು, ಕಿಟ್ಟಿನಲ್ಲಿ ಬಣ್ಣ ಬಾರದಂತಾಗುವವರೆಗೆ ವಾರಗಟ್ಟಲೆ ನೀರು ಬದಲಿಸಿದೆ. ಅಷ್ಟರಲ್ಲಿ ಉತ್ಸಾಹವೂ ಇಳಿದಿತ್ತು, ನಾವೂ ಚಿಕ್ಕ ಫ್ಲ್ಯಾಟಿಗೆ ಹೋಗುವವರಿದ್ದೆವು. ಕ್ಲೌನ್ ಮೀನುಗಳನ್ನು ಆ ಹಳೆಯ ಹವ್ಯಾಸಿಗೆ ಕೊಟ್ಟೆ. ತೊಟ್ಟಿಯನ್ನು ಮಾರಲು ಇಟ್ಟೆ.

ಬಂದವನು ಘಾಟ್ಕೋಪರಿನ ಒಬ್ಬ ಕಾಲೇಜು ಹುಡುಗ. ಕನ್ನಡದವನಲ್ಲ. ಕಾಕಾ ಎಂದು ಕರೆದ, ದೀಪ ಹತ್ತಿಸಿ ನೋಡಿದ, ಪಂಪಿನ ಸದ್ದು ಕೇಳಿದ, ಬೆಲೆಗೆ ಒಪ್ಪಿದ. ಬೇರೇನೂ ಕೇಳಲಿಲ್ಲ. ಈಗ ತೊಟ್ಟಿಯಲ್ಲಿ ತಾಮ್ರ ಇಲ್ಲವಲ್ಲ, ಇಲ್ಲದ್ದನ್ನು ಯಾಕೆ ಹೇಳಬೇಕು ಎಂಬ ಯೋಚನೆ ನನಗೂ ಬಂತು. ಬಹುಶಃ ಅವರಿಗೂ ಅಂದು ಇಂಥದೇ ಏನೋ ಒಂದು ಸಮಾಧಾನ ಹೊಳೆದಿರಬೇಕು. ಆದರೆ ನನ್ನ ಕಿಟ್ಟು ಎಷ್ಟು ಸೂಕ್ಷ್ಮ, ಹಳೆಯ ಸಿಲಿಕೋನಿನಲ್ಲಿ ಏನು ಉಳಿದಿದೆ, ನಾನು ಹೇಗೆ ಭರವಸೆ ಕೊಡಲಿ?

ಹೇಳಿದೆ, ನನ್ನ ಹರಕು ಮರಾಠಿಯಲ್ಲಿ, ಮೊದಲಿಂದ ಕೊನೆಯವರೆಗೆ. ಅವನು ಸ್ವಲ್ಪ ಹೊತ್ತು ಫೋನಿನಲ್ಲಿ ಏನೇನೋ ಹುಡುಕಿ, ಮೂರು ಸಾವಿರ ಕಡಿಮೆ ಮಾಡಿ ಎಂದ. ಹೊಟ್ಟೆ ಉರಿಯಿತು, ಸುಳ್ಳೇಕೆ. ಕಡಿಮೆ ಮಾಡಿದೆ.

ಟೆಂಪೋಗೆ ಹತ್ತಿಸುವಾಗ ಹುಡುಗ ಹೇಳಿದ, ಮೊದಲು ಟೆಸ್ಟ್ ಕಿಟ್ಟು ತರುತ್ತೇನೆ ಕಾಕಾ, ನೀರು ತುಂಬಿಸಿ ವಾರಕ್ಕೊಮ್ಮೆ ನೋಡುತ್ತೇನೆ, ಎರಡು ತಿಂಗಳು ಏನೂ ಬಿಡುವುದಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ, ಯಾರಾದರೂ ಹೇಳಿದ್ದರೆ.